ಮೊದಲು ಯಾರಿಗೆ?

ಸುರಪುರ, ಯಾದಗಿರಿ ಜಿಲ್ಲೆ
6 ಜನವರಿ 2025

ಶ್ರೀಮತಿ ಅಲ್ಲದ ಕುಮಾರಿ ಅರ್ಪಿತಾ ಅವರಿಗೆ,

ಈ ಸಲ ಬಹುವಚನದಲ್ಲೇ ಶುರು ಮಾಡಿದ್ದೇನೆ. ಕೋಪ ಬಂದಿದೆ ಅಂತ ತಮಗೆ ಮೊದಲನೇ ಸಾಲಿನಲ್ಲೇ ತಿಳಿಯಲಿ.

ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆಗೆ ದಿನ ಗೊತ್ತು ಮಾಡಿಕೊಂಡಿದ್ದೀಯಂತೆ. ಮಾರ್ಚ್ ಹತ್ತು, ಸೋಮವಾರ. ಇದನ್ನು ನನಗೆ ಹೇಳಿದವನು ನಿಮ್ಮ ಚಿಕ್ಕಪ್ಪನ ಮಗ ಭೀಮೇಶ. ಅವನೂ ನನಗೆ ಅಂತ ಹೇಳಲಿಲ್ಲ, ಸ್ಟೇಟಸ್ ಹಾಕಿಕೊಂಡಿದ್ದ. "ನಮ್ಮಕ್ಕ ಎನ್‌ಕ್ಲೆಕ್ಸ್ ಡೇಟ್ ತಗೊಂಡ್ಳು, ಅಮೆರಿಕ ಹುಷಾರು!" ಪಕ್ಕದಲ್ಲಿ ಒಂದು ವಿಮಾನದ ಚಿತ್ರ. ಅವನ ಜಿಮ್ ಸ್ನೇಹಿತರ ಜೊತೆ ಸಾಲಿನಲ್ಲಿ ನಿಂತು ನಾನೂ ಈ ಸುದ್ದಿ ತಿಳಿದುಕೊಂಡೆ.

ಮೊದಲು ಯಾರಿಗೆ ಹೇಳಿದೆ? ತಾತನಿಗೆ ಇರಬೇಕು. ಆಮೇಲೆ ಅಜ್ಜಿ, ಅಮ್ಮ, ಚಿಕ್ಕಪ್ಪ, ಮೇಲಿನ ಮನೆ ಬಾಡಿಗೆಯವರು, ಹಾಲಿನವರು. ನಾನು ಎಷ್ಟನೆಯವಳು ಅಂತ ಲೆಕ್ಕ ಹಾಕಿ ಬರಿ.

ಜಯನಗರ ಫೋರ್ತ್ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಕಾಫಿ ಲೋಟ ಹಿಡಿದುಕೊಂಡು, "ಬರೆದ್ರೆ ಇಬ್ರೂ ಒಟ್ಟಿಗೇ ಬರೆಯೋದು ಕಣೇ, ಲೈಸೆನ್ಸ್ ಬಂದ್ರೆ ಇಬ್ರಿಗೂ ಬರ್ಲಿ" ಅಂದವಳು ನೀನು, ನಾನಲ್ಲ. ನಾಲ್ಕು ವರ್ಷ ನರ್ಸಿಂಗ್ ಕಾಲೇಜಿನಲ್ಲಿ ಒಂದೇ ಬೆಂಚು, ಆಮೇಲೆ ಒಂದೇ ಆಸ್ಪತ್ರೆ, ಒಂದೇ ವಾರ್ಡು. ಸರ್ಕಾರಿ ಸ್ಟಾಫ್ ನರ್ಸ್ ಪಟ್ಟಿಯಲ್ಲಿ ನನ್ನ ಹೆಸರು ಬಂದಾಗ ನಮ್ಮಪ್ಪ ಬೇರೆ ಮಾತು ಕೇಳಲಿಲ್ಲ. ಬ್ಯಾಂಕಿನಲ್ಲಿ ಜೀವನ ಕಳೆದವರಿಗೆ ಪೆನ್ಷನ್ ಇಲ್ಲದ ಕೆಲಸ ಕೆಲಸವೇ ಅಲ್ಲ. ಬಸ್ಸು ಹತ್ತಿಸಲು ಬಂದ ನೀನು ಕರ್ಚೀಫು ಒದ್ದೆ ಮಾಡಿಕೊಂಡು ಏನಂದೆ? "ನೀನು ರಜ ಹಾಕಿ ಬರೋವರ್ಗೂ ನಾನು ಡೇಟ್ ತಗೊಳಲ್ಲ." ನಾನು ಆ ಮಾತನ್ನು ನಂಬಿ ಇಷ್ಟು ದೂರ ಬಂದೆ.

ಫೋನು ಮಾಡಿ ಬೈಯೋಣ ಎಂದರೆ, ಓದಿಗೆ ಅಡ್ಡಿ ಅಂತ ನಿನ್ನ ಮೊಬೈಲನ್ನು ಅಜ್ಜಿಯ ಬೀರುವಿನಲ್ಲಿ ಇಟ್ಟು ಬೀಗ ಹಾಕಿಸಿದ್ದೀಯ (ಇದೂ ಭೀಮೇಶನ ಸ್ಟೇಟಸ್ಸೇ). ಉಳಿದದ್ದು ನಿಮ್ಮ ತಾತನ ಫೋನು. ಅವರು ಯಾರ ಕರೆ ಬಂದರೂ ಸ್ಪೀಕರಿಗೆ ಹಾಕುತ್ತಾರೆ. ನನ್ನ ಬೈಗುಳವನ್ನು ಇಡೀ ಚಿಕ್ಕಲಸಂದ್ರ ಕೇಳುವುದು ಬೇಡ ಅಂತ ಕಾಗದ ಬರೆಯುತ್ತಿದ್ದೇನೆ.

ಇಂತಿ
ನಿನ್ನ ಹಳೆಯ ಸ್ನೇಹಿತೆ (ಹಳೆಯ ಎನ್ನುವುದನ್ನು ಗಮನಿಸು)
ಪ್ರಕೃತಿ


ಚಿಕ್ಕಲಸಂದ್ರ, ಬೆಂಗಳೂರು
14 ಜನವರಿ 2025

ಪ್ರಕ್ಕು,

ಹಬ್ಬದ ದಿನ ಬರೆಯುತ್ತಿದ್ದೇನೆ. ಜೊತೆಗೆ ಎಳ್ಳುಬೆಲ್ಲದ ಪೊಟ್ಟಣ ಇದೆ, ಕೊಬ್ಬರಿ ಅಜ್ಜಿಯೇ ಹೆಚ್ಚಿದ್ದು. ತಿಂದಮೇಲೆ ಹೇಗೆ ಮಾತಾಡಬೇಕು ಅಂತ ನಿನಗೆ ಗೊತ್ತು, ಆದ್ದರಿಂದ ಮೊದಲು ಅದನ್ನು ತಿಂದು ಆಮೇಲೆ ಮುಂದೆ ಓದು.

ನೀನು ಒಂಬತ್ತನೆಯವಳು. ಸುಳ್ಳು ಹೇಳಿ ಪ್ರಯೋಜನ ಇಲ್ಲ. ನಮ್ಮ ಮನೆ ನಿನಗೆ ಗೊತ್ತಲ್ಲ. ನಮ್ಮ ತಾತ ರಾಮಯ್ಯನವರ ಕಿವಿಗೆ ಬೀಳದೆ ಇಲ್ಲಿ ಒಂದು ಬಲ್ಬು ಬದಲಾಯಿಸುವುದಿಲ್ಲ. ತಾತನಿಗೆ ಹೇಳಿದೆ, ತಾತ ಅಜ್ಜಿಗೆ ಹೇಳಿದರು, ಅಜ್ಜಿ ಎಲ್ಲರಿಗೂ ಹೇಳಿದಳು. ನಿನಗೆ ಹೇಳಲು ಕೂತಾಗಲೆಲ್ಲ "ರಜ ಸಿಕ್ತಾ?" ಅಂತ ಮೊದಲು ಕೇಳಬೇಕಲ್ಲ ಅನ್ನಿಸುತ್ತಿತ್ತು, ನಿನಗೆ ಸಿಗುವುದಿಲ್ಲ ಅಂತಲೂ ಗೊತ್ತಿತ್ತು. ಹಾಗೇ ದಿನ ಮುಂದೆ ಹೋಯಿತು.

ಈಗ ನನ್ನ ಸ್ಥಿತಿ ಕೇಳು. ಕೆಳಗಿನ ಮನೆ ಖಾಲಿಯಾಗಿತ್ತು. ತಾತ ಟು-ಲೆಟ್ ಬೋರ್ಡು ಕಿತ್ತುಹಾಕಿ, "ಓದ್ಕೊ ಮಗ, ಪರೀಕ್ಷೆ ಮುಗಿಯೋಗಂಟ ಯಾರ್ಗೂ ಕೊಡಾಕಿಲ್ಲ" ಅಂದರು. ಆ ದೊಡ್ಡ ಖಾಲಿ ಹಾಲಿನಲ್ಲಿ ಒಂದು ಮೇಜು, ಒಂದು ಕುರ್ಚಿ, ನಾನು. ಪುಸ್ತಕ ತೆರೆದ ತಕ್ಷಣ ಕೈ ತಣ್ಣಗಾಗುತ್ತದೆ. ಹೊಟ್ಟೆ ಕೆಡುತ್ತದೆ. ನಿನ್ನೆ ಓದಿದ್ದು ಇವತ್ತು ನೆನಪಿಲ್ಲ.

ಬಿಟಿಎಂ ಲೇಔಟಿನಲ್ಲಿ ಕೋಚಿಂಗ್ ಸೇರಿದ್ದೇನೆ. ಹೇಳಿಕೊಡುವವರು ವೇಣು ಸರ್. ಅವರು ಹೇಳುವ ಪ್ರಕಾರ ನನ್ನ ಕಾಯಿಲೆ ಒಂದೇ. "ನರ್ಸ್ ಮೊದಲು ಏನು ಮಾಡಬೇಕು?" ಅಂತ ಕೇಳಿದ ಪ್ರಶ್ನೆಗಳೆಲ್ಲ ನನ್ನವು ತಪ್ಪು. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಅದರಲ್ಲಿ ಒಂದು "ಡಾಕ್ಟರಿಗೆ ತಿಳಿಸಬೇಕು". ನನ್ನ ಕೈ ಅದರ ಮೇಲೇ ಹೋಗುತ್ತದೆ. ನಮ್ಮ ಆಸ್ಪತ್ರೆಯಲ್ಲಿ ಅದೇ ಸರಿ ಇತ್ತಲ್ಲ, ಡ್ಯೂಟಿ ಡಾಕ್ಟರನ್ನು ಕೇಳದೆ ದಿಂಬು ಎತ್ತರಿಸಿದರೂ ಬೈಗುಳ. ಇಲ್ಲಿ ಸರ್ ಹೇಳುತ್ತಾರೆ, "ಡಾಕ್ಟ್ರು ಊರಲ್ಲೇ ಇಲ್ಲ ಅಂದ್ಕೊಳ್ರಮ್ಮ. ಪೇಷೆಂಟ್ ನಿಮ್ ಮುಂದೆ ಇದಾರೆ. ನೀವೇನ್ ಮಾಡ್ತೀರ?" ನನಗೆ ಏನೂ ತೋಚುವುದಿಲ್ಲ. ಪಕ್ಕದಲ್ಲಿ ಕೂರುವ ಚೈತನ್ಯ ಅವರು ಟಕ್ಕಂತ ಹೇಳುತ್ತಾರೆ. ತಿಲಕ್ ನಗರದಿಂದ ಬರುತ್ತಾರೆ. ತುಂಬಾ ಸಮಾಧಾನ ಹೇಳಿದರು.

ನಿನಗೆ ಈ ಭಯ ಯಾವತ್ತೂ ಇರಲಿಲ್ಲ. ಅಲ್ಲಿ ಸರ್ಕಾರಿ ಕೆಲಸ, ಸರ್ಕಾರಿ ಕ್ವಾರ್ಟರ್ಸ್, ಯಾರೂ ಪರೀಕ್ಷೆ ಮಾಡುವವರಿಲ್ಲ. ಆರಾಮಾಗಿದ್ದೀಯ. ನಿಜ ಹೇಳಲಾ? ಹೊಟ್ಟೆಕಿಚ್ಚಾಗುತ್ತದೆ.

ನಿನ್ನ ಅರ್ಪಿ


ಸುರಪುರ
21 ಜನವರಿ 2025

ಅರ್ಪಿ,

ಎಳ್ಳುಬೆಲ್ಲ ತಿಂದೆ. ಪರಿಣಾಮ ಒಂದು ಗಂಟೆ ಇತ್ತು.

ಆರಾಮಂತೆ! ಲೇಬರ್ ವಾರ್ಡಿಗೂ ಜನರಲ್ ವಾರ್ಡಿಗೂ ಒಬ್ಬಳೇ ಓಡಾಡುವ ಆರಾಮವನ್ನು ಒಂದು ವಾರ ಬಂದು ಅನುಭವಿಸಿ ನೋಡು. ನನ್ನ ಕ್ವಾರ್ಟರ್ಸಿನಲ್ಲಿ ನನಗಿಂತ ಮೊದಲು ಬಂದ ಹಲ್ಲಿಗಳಿವೆ, ಅವುಗಳದ್ದೇ ಸೀನಿಯಾರಿಟಿ. ನೀನು ಅಜ್ಜಿ ಮಾಡಿದ ಬಿಸಿ ಮುದ್ದೆ ತಿಂದು, ಇಡೀ ಮನೆಯನ್ನು ಖಾಲಿ ಮಾಡಿಸಿಕೊಂಡು ಓದುತ್ತಾ, ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತೀಯ. ಅದು ನನ್ನ ಕೆಲಸ, ನನಗೇ ಬಿಡು.

ಆಮೇಲೆ ಈ ಚೈತನ್ಯ ಯಾರು? "ಚೈತನ್ಯ ಅವರು ಹೇಳುತ್ತಾರೆ, ಬರುತ್ತಾರೆ, ಸಮಾಧಾನ ಹೇಳಿದರು." ಗಂಡೋ ಹೆಣ್ಣೋ ಅಂತ ಒಂದು ಕಡೆಯೂ ಗೊತ್ತಾಗದ ಹಾಗೆ ಎಷ್ಟು ಜಾಣತನದಿಂದ ಗೌರವ ಕೊಟ್ಟಿದ್ದೀಯ. ನಾನು ಆ ಪ್ಯಾರಾವನ್ನು ಎರಡು ಸಲ ಓದಿ ಒಂದಾದರೂ ಏಕವಚನ ಜಾರಿದೆಯಾ ಅಂತ ಹುಡುಕಿದೆ. ಗಂಡಾದರೆ ಬೇರೆ ಮಾತು. ಹೆಣ್ಣಾದರೆ ನನ್ನ ಜಾಗದಲ್ಲಿ ಕೂತಿದ್ದಾಳೆ ಅಂತ ಅರ್ಥ, ಅದು ನನಗೆ ಸೇರುವುದಿಲ್ಲ.

ನಿನ್ನ ಕಾಯಿಲೆಯ ವಿಷಯ. ಔಷಧಿ ನನ್ನ ಹತ್ತಿರ ಇದೆ. ನಿಮ್ಮ ವೇಣು ಸರ್ ಡಾಕ್ಟರು ಊರಲ್ಲಿಲ್ಲ ಅಂದುಕೊಳ್ಳಿ ಅನ್ನುತ್ತಾರೆ. ನಾನು ಅಂದುಕೊಳ್ಳಬೇಕಾಗಿಯೇ ಇಲ್ಲ. ಇರುವವರು ಇಬ್ಬರು, ಒಬ್ಬರು ಆಪರೇಷನ್ನಿನಲ್ಲಿರುತ್ತಾರೆ, ಇನ್ನೊಬ್ಬರು ಜಿಲ್ಲಾ ಮೀಟಿಂಗಿನಲ್ಲಿ. ಆದ್ದರಿಂದ ನಮ್ಮ ವಾರ್ಡಿನ ಮೂರು ಪ್ರಶ್ನೆ ಕಳಿಸುತ್ತಿದ್ದೇನೆ. ಮೂರೂ ನಿಜವಾಗಿ ನಡೆದದ್ದು. ಉತ್ತರ ಬರೆಯುವುದಿಲ್ಲ, ನೀನೇ ಬರೆದು ಕಳಿಸು.

ಹೆರಿಗೆಯಾದ ಬಾಣಂತಿ. ಅವಳ ತಾಯಿ ಓಡಿಬಂದು, "ಭಾಳ ರಕ್ತ ಹೋಗ್ಲಕತ್ತದ್ರಿ ಸಿಸ್ಟರ್" ಅಂದಳು. ಹೊಟ್ಟೆ ಮುಟ್ಟಿದರೆ ಗರ್ಭಕೋಶ ಮೆತ್ತಗಿದೆ. ಮೊದಲು ಏನು ಮಾಡುತ್ತೀಯ?

ರಕ್ತ ಹಾಕಿಸಿಕೊಳ್ಳುತ್ತಿರುವ ಹುಡುಗ. ಇದ್ದಕ್ಕಿದ್ದಂತೆ ಚಳಿ, ನಡುಕ, ಸೊಂಟ ನೋವು. ಮೊದಲು?

ಅಂಗಾತ ಮಲಗಿರುವ ಮುದುಕಪ್ಪ. ಉಸಿರು ಸಿಗದೆ ಬಾಯಿ ತೆರೆಯುತ್ತಿದ್ದಾನೆ. ಮೊದಲು?

ಡಾಕ್ಟರಿಗೆ ಹೇಳುತ್ತೇನೆ ಅಂತ ಬರೆದರೆ ನಿನ್ನ ತಾತನಿಗೆ ಫೋನು ಮಾಡುತ್ತೇನೆ. ಸ್ಪೀಕರಿನಲ್ಲಿ.

ಪ್ರಕೃತಿ


ಚಿಕ್ಕಲಸಂದ್ರ
2 ಫೆಬ್ರವರಿ 2025

ಪ್ರಕ್ಕು,

ನಿನ್ನ ಪ್ರಶ್ನೆಗಳು ಸಖತ್ ಆಗಿದ್ದವು! ಉತ್ತರ ಇಗೋ. ಬಾಣಂತಿಗೆ ಮೊದಲು ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗುವವರೆಗೆ ಉಜ್ಜಬೇಕು. ಹುಡುಗನಿಗೆ ಮೊದಲು ರಕ್ತ ಹಾಕುವುದನ್ನು ನಿಲ್ಲಿಸಬೇಕು. ಮುದುಕಪ್ಪನನ್ನು ಮೊದಲು ಎಬ್ಬಿಸಿ ಕೂರಿಸಬೇಕು. ಸರಿ ತಾನೆ?

ಮೊದಲೆರಡನ್ನು ಚೈತನ್ಯ ಹೇಳಿದಳು, ಮೂರನೆಯದು ನನ್ನದೇ. ಹುಡುಗಿ ಕಣೇ, ನೀನು ಸುಮ್ಮನೆ ಏನೇನೋ ಯೋಚಿಸಬೇಡ. ನಿನ್ನ ಕಾಗದ ಓದಿ ಬಿದ್ದು ಬಿದ್ದು ನಕ್ಕಳು, "ಹಲ್ಲಿಗಳ ಸೀನಿಯಾರಿಟಿ" ಅಂತ ಎರಡು ದಿನ ಅದೇ ಹೇಳುತ್ತಿದ್ದಳು. ಕ್ಲಾಸಿನಲ್ಲೂ ಓದಿದೆವು. ವೇಣು ಸರ್, "ಈ ಥರ ಪ್ರಶ್ನೆ ಇನ್ನೂ ತರಿಸಮ್ಮ" ಅಂದರು. ಎಲ್ಲರೂ ಬರೆದುಕೊಂಡರು. ನೀನು ಇಲ್ಲಿ ಫೇಮಸ್ಸು!

ಈಗ ಚೈತನ್ಯಳೂ ನಮ್ಮ ಕೆಳಗಿನ ಮನೆಗೇ ಓದಲು ಬರುತ್ತಾಳೆ. ಎರಡನೇ ಕುರ್ಚಿ ತರಿಸಿದೆವು. ಅಜ್ಜಿಗೆ ಅವಳನ್ನು ಕಂಡರೆ ಇಷ್ಟ, ಉಪ್ಪಿಟ್ಟನ್ನೂ ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತಾಳೆ ಅಂತ. ಜೊತೆ ಇದ್ದರೆ ಕೈ ಅಷ್ಟು ತಣ್ಣಗಾಗುವುದಿಲ್ಲ.

ಇನ್ನಷ್ಟು ಪ್ರಶ್ನೆ ಬೇಗ ಕಳಿಸು. ಪ್ಲೀಸ್.

ಅರ್ಪಿ


ಸುರಪುರ
8 ಫೆಬ್ರವರಿ 2025

ಅರ್ಪಿತಾ,

ಹಿಂದಿನ ಕಾಗದದಲ್ಲಿ "ಚೈತನ್ಯ ಅವರು ಹೇಳಿದರು". ಈ ಕಾಗದದಲ್ಲಿ "ಚೈತನ್ಯ ಹೇಳಿದಳು, ನಕ್ಕಳು, ಬರುತ್ತಾಳೆ, ತಿನ್ನುತ್ತಾಳೆ". ಮೂರು ವಾರಕ್ಕೆ. ಕಾಲೇಜಿನಲ್ಲಿ ನೀನು ನನ್ನನ್ನು "ನೀವು" ಬಿಟ್ಟು "ನೀನು" ಅನ್ನಲು ಮೊದಲನೇ ವರ್ಷ ಪೂರ್ತಿ ಬೇಕಾಗಿತ್ತು. ಜಯನಗರದವರು ಅಂತ ಮರ್ಯಾದೆ ಕೊಡ್ತಾ ಇದ್ದೆ ಅಂತ ಆಮೇಲೆ ಹೇಳಿದ್ದೆ. ಅವಳಿಗೆ ಮರ್ಯಾದೆ ಇಲ್ಲವಾ?

ನಾನು ಆ ಕಾಗದ ನಿನಗೆ ಬರೆದಿದ್ದೆ. ಕೋಚಿಂಗಿಗೆ ಬರೆದಿರಲಿಲ್ಲ. ನಿನ್ನ ಉತ್ತರ ಕೇಳಿದ್ದೆ, ಅವಳದ್ದನ್ನಲ್ಲ. ಆ ಬಾಣಂತಿಯ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಾಗ ನಾನು ನೆನೆಸಿಕೊಂಡದ್ದು ನಿನ್ನನ್ನು, ಇವಳಿಗೆ ಇದನ್ನು ಬರೆಯಬೇಕು ಅಂತ. ಅದನ್ನು ನೀನು ಉಪ್ಪಿಟ್ಟಿನ ಜೊತೆ ಹಂಚಿಬಿಟ್ಟೆ.

ಹೌದು, ಹೊಟ್ಟೆಕಿಚ್ಚೇ. ಬೇರೆ ಹೆಸರು ಕೊಡುವುದಿಲ್ಲ. ಮಧ್ಯಾಹ್ನದ ಡ್ಯೂಟಿ ಮುಗಿಸಿ ಬಂದು ಎರಡನೇ ಕುರ್ಚಿಯನ್ನು ನೆನೆಸಿಕೊಂಡರೆ ಅನ್ನ ಇಳಿಯುವುದಿಲ್ಲ.

ಪ್ರಶ್ನೆಗಳು ಮುಗಿದಿವೆ. ಚೆನ್ನಾಗಿ ಓದಿ. ಇಬ್ಬರೂ.

ಪ್ರಕೃತಿ


ಚಿಕ್ಕಲಸಂದ್ರ
17 ಫೆಬ್ರವರಿ 2025

ಪ್ರಕ್ಕು,

ನೀನು ಇಷ್ಟು ದೊಡ್ಡದು ಮಾಡುತ್ತೀಯ ಅಂದುಕೊಂಡಿರಲಿಲ್ಲ. ಒಳ್ಳೆಯದನ್ನು ನಾಲ್ಕು ಜನಕ್ಕೆ ಓದಿ ಹೇಳಿದರೆ ತಪ್ಪಾ? ನನಗೆ ಹೆಮ್ಮೆಯಾಗಿತ್ತು, ಅದಕ್ಕೇ ಓದಿದೆ. ನನಗೆ ಈಗ ನಿನ್ನ ಸಿಟ್ಟನ್ನು ಹೊರುವ ಶಕ್ತಿಯೂ ಇಲ್ಲ. ಪರೀಕ್ಷೆ ನನ್ನದು, ಹೊಟ್ಟೆ ಕೆಡುತ್ತಿರುವುದು ನನ್ನದು. ನೀನು ಸ್ವಲ್ಪ ದೊಡ್ಡವಳಂತೆ ನಡೆದುಕೊಳ್ಳಬಹುದಿತ್ತು.

ಮಾಕ್ ಟೆಸ್ಟಿನಲ್ಲಿ ಮತ್ತೆ ಜಾರಿದೆ. "ಮೊದಲು" ಪ್ರಶ್ನೆಗಳು ಅರ್ಧಕ್ಕರ್ಧ ಹೋದವು. ಚೈತನ್ಯ ಪಕ್ಕದಲ್ಲಿದ್ದರೆ ಬರುತ್ತದೆ, ಒಬ್ಬಳೇ ಕೂತರೆ ಮತ್ತೆ ಡಾಕ್ಟರನ್ನೇ ಹುಡುಕುತ್ತೇನೆ. ಮನೆಯಲ್ಲಿ ಹೊಸ ಗಲಾಟೆ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ, ಪರೀಕ್ಷೆ ಶುರುವಾಗುವುದು ಎಂಟಕ್ಕೆ. ತಾತ ವೇಣು ಸರ್‌ಗೇ ಫೋನು ಮಾಡಿ, "ಒಂಬತ್ತಕ್ಕೆ ಮಾಡ್ಸೋಕಾಗಲ್ವಾ ಸಾರ್?" ಅಂದರು. ನನಗೆ ನಾಚಿಕೆಯಾಯಿತು. ಒಳಗೊಳಗೆ, ಆಗಲಿ ಅಂತಲೂ ಅನ್ನಿಸಿತು.

ಬರಿ. ಬೈದಾದರೂ ಬರಿ.

ಅರ್ಪಿ


ಚಿಕ್ಕಲಸಂದ್ರ
26 ಫೆಬ್ರವರಿ 2025

ಪ್ರಕ್ಕು,

ನಿನ್ನಿಂದ ಏನೂ ಬರಲಿಲ್ಲ. ಪೋಸ್ಟ್‌ಮ್ಯಾನ್ ಬಂದಾಗ ನಾನೇ ಗೇಟಿಗೆ ಓಡುತ್ತೇನೆ. ಕರೆಂಟ್ ಬಿಲ್ಲು, ತಾತನ ಸಂಘದ ಕಾರ್ಡು, ಮತ್ತೆ ಕರೆಂಟ್ ಬಿಲ್ಲು.

ಚೈತನ್ಯ ಪರೀಕ್ಷೆ ಬರೆದಾಯಿತು. ಪಾಸಾದಳು. ನನಗೆ ಗೊತ್ತಾದದ್ದು ಹೇಗೆ ಗೊತ್ತಾ? ಒಂದು ವಾರದಿಂದ ಓದಲು ಬಂದಿರಲಿಲ್ಲ, ಜ್ವರ ಅಂತ ಹೇಳಿಕಳಿಸಿದ್ದಳು. ನಾನು ಕೋಚಿಂಗಿನ ಮೆಟ್ಟಿಲು ಹತ್ತುತ್ತಾ ತಲೆ ಎತ್ತಿ ನೋಡಿದರೆ ಹೊಸ ಫ್ಲೆಕ್ಸು. ಅವಳ ಫೋಟೊ, ಗುಲಾಬಿ ಚೂಡಿದಾರ, ನಗು. ಕೆಳಗೆ ದಪ್ಪಕ್ಷರದಲ್ಲಿ "ಮೊದಲ ಪ್ರಯತ್ನದಲ್ಲೇ!" ಡೇಟ್ ಯಾವಾಗ ಅಂತ ಅವಳು ಒಂದು ಮಾತೂ ಹೇಳಿರಲಿಲ್ಲ. ಎರಡನೇ ಕುರ್ಚಿಯಲ್ಲಿ ಕೂತು, ನಮ್ಮಜ್ಜಿಯ ಕೈತುತ್ತು ತಿಂದುಕೊಂಡು ಹೇಳಲಿಲ್ಲ. ದೃಷ್ಟಿಯಾಗುತ್ತದೆ ಅಂತ ಅವರಮ್ಮ ಬೇಡ ಅಂದಿದ್ದರಂತೆ.

ಆ ಫ್ಲೆಕ್ಸಿನ ಕೆಳಗೆ ನಿಂತಾಗ ನನಗೆ ಆದದ್ದನ್ನು ನಿನಗಲ್ಲದೆ ಬೇರೆ ಯಾರಿಗೂ ಬರೆಯಲಾರೆ. ಮೈಯೆಲ್ಲ ಉರಿಯಿತು. ಅವಳು ಫೇಲಾಗಿದ್ದರೆ ಚೆನ್ನಾಗಿತ್ತು ಅಂತ ಒಂದು ನಿಮಿಷ ಅನ್ನಿಸಿತು. ಅಷ್ಟು ಕೆಟ್ಟವಳು ನಾನು. ಆಮೇಲೆ ಭೀಮೇಶನ ಸ್ಟೇಟಸ್ಸಿನ ಮುಂದೆ ನೀನು ನಿಂತದ್ದು ನೆನಪಾಯಿತು. ಇದೇ ತಾನೆ ಅದು?

ಚೈತನ್ಯ ಅವರು ನಿನ್ನೆ ಸ್ವೀಟ್ ಡಬ್ಬ ಹಿಡಿದುಕೊಂಡು ಬಂದಿದ್ದರು. ತೆಗೆದುಕೊಂಡೆ, ಕಂಗ್ರಾಟ್ಸ್ ಅಂದೆ. ಹೋದರು.

ಈಗ ಒಬ್ಬಳೇ ಕೂರುತ್ತೇನೆ. ಒಂದೂ ಪ್ರಶ್ನೆ ತಲೆಗೆ ಹೋಗುವುದಿಲ್ಲ. ಅಜ್ಜಿ ಶುಕ್ರವಾರ ಬನಶಂಕರಿ ಗುಡಿಗೆ ಕರೆದುಕೊಂಡು ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿಸಿದಳು. ನಿಂಬೆ ಹೋಳಿಗೆ ಸುರಿದ ಎಣ್ಣೆ ಅರ್ಧ ನೆಲಕ್ಕೇ ಹೋಯಿತು. ಪಕ್ಕದಲ್ಲಿದ್ದ ಆಂಟಿ, "ಮದುವೆ ವಿಷಯಾನಮ್ಮಾ?" ಅಂದರು.

ಡೇಟ್ ಮುಂದಕ್ಕೆ ಹಾಕಿಬಿಡೋಣ ಅಂತಿದ್ದೇನೆ. ತಾತನಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೇ ಹೇಳುತ್ತಿದ್ದೇನೆ.

ಅರ್ಪಿ


ಸುರಪುರ
3 ಮಾರ್ಚ್ 2025

ಅರ್ಪಿ,

ಡೇಟ್ ಮುಂದಕ್ಕೆ ಹಾಕಿದರೆ ಕೊಲ್ಲುತ್ತೇನೆ.

ಚೈತನ್ಯ ಮತ್ತೆ "ಅವರು" ಆದದ್ದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಮೆಸ್ಸಿನಲ್ಲಿ ಒಂದು ರೊಟ್ಟಿ ಹೆಚ್ಚು ತಿಂದೆ. ನೀನು ಕೆಟ್ಟವಳಾದರೆ ನನ್ನನ್ನು ಏನಂತ ಕರೆಯುತ್ತೀಯ? ನಾನು ನಿನ್ನ ಎರಡು ಕಾಗದಕ್ಕೂ ಉತ್ತರ ಬರೆದಿದ್ದೆ, ಎರಡನ್ನೂ ಹರಿದುಹಾಕಿದೆ. ಒಂದರಲ್ಲಿ ತುಂಬಾ ಬೈದಿದ್ದೆ, ಇನ್ನೊಂದರಲ್ಲಿ ತುಂಬಾ ಅತ್ತಿದ್ದೆ.

ಇನ್ನೊಂದು ವಿಷಯ. ನಾನು ಧೈರ್ಯವಂತೆ, ನನಗೆ ಭಯವಿಲ್ಲ ಅಂತ ನೀನು ತಿಳಿದುಕೊಂಡಿದ್ದೀಯ, ನಾನೂ ಹಾಗೇ ಇರಲಿ ಅಂತ ಬಿಟ್ಟಿದ್ದೆ. ಆ ಬಾಣಂತಿಯ ಹತ್ತಿರ ಹೋದಾಗ ನಾನು ಮೊದಲು ಮಾಡಿದ್ದು ಹೊಟ್ಟೆ ಉಜ್ಜಿದ್ದಲ್ಲ. ಫೋನು ಹುಡುಕಿದೆ, ಡಾಕ್ಟರಿಗೆ ಹೇಳಲು. ನಿನ್ನ ಹಾಗೇ. ನಮ್ಮಿಬ್ಬರನ್ನೂ ಬೆಳೆಸಿದ್ದು ಒಂದೇ ವಾರ್ಡು ಅಲ್ಲವಾ. ಟವರ್ ಇರಲಿಲ್ಲ. ಅವಳ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬೇರೆ ದಾರಿ ಇಲ್ಲದೆ ಕೈ ಮುಂದೆ ಹೋಯಿತು. ಹೋದಮೇಲೆ ಕೈಗೆ ಎಲ್ಲವೂ ನೆನಪಿತ್ತು, ತಲೆಗೆ ಮಾತ್ರ ಇರಲಿಲ್ಲ. ಹೊಟ್ಟೆ ಕೈಯ ಕೆಳಗೆ ಗಟ್ಟಿಯಾಗುತ್ತಾ ಬಂದದ್ದು ಗೊತ್ತಾಯಿತು.

ಆದ್ದರಿಂದ ಕೊನೆಯ ಪ್ರಶ್ನೆ ಕಳಿಸುತ್ತಿದ್ದೇನೆ, ಇದನ್ನು ಯಾರಿಗೂ ಓದಿ ಹೇಳಬೇಡ.

ಇಪ್ಪತ್ತೇಳು ವರ್ಷದ ಹೆಣ್ಣುಮಗಳು, ಕಂಪ್ಯೂಟರ್ ಮುಂದೆ ಕೂತಿದ್ದಾಳೆ. ಕೈ ತಣ್ಣಗಿದೆ, ಹೊಟ್ಟೆ ಕೆಟ್ಟಿದೆ, ಉಸಿರು ಮೇಲೆ ಮೇಲೆ ಆಡುತ್ತಿದೆ. ಸುತ್ತ ಯಾರೂ ಇಲ್ಲ. ಮೊದಲು ಏನು ಮಾಡುತ್ತೀಯ?

ತಾತನಿಗೆ ತಿಳಿಸುತ್ತೇನೆ ಅನ್ನುವುದು ತಪ್ಪು ಉತ್ತರ. ಪ್ರಕೃತಿಗೆ ಬರೆಯುತ್ತೇನೆ ಅನ್ನುವುದೂ ತಪ್ಪು. ಮುದುಕಪ್ಪನನ್ನು ಏನು ಮಾಡಿದೆ? ಆ ಒಂದು ಉತ್ತರ ನಿನ್ನದೇ ಆಗಿತ್ತು ಅಂತ ನೀನೇ ಬರೆದಿದ್ದೆ.

ಪ್ರಕೃತಿ


ಚಿಕ್ಕಲಸಂದ್ರ
11 ಮಾರ್ಚ್ 2025

ಪ್ರಕ್ಕು,

ಬರೆದು ಬಂದೆ.

ರಾಹುಕಾಲಕ್ಕೆ ತಾತ ಪರಿಹಾರ ಕಂಡುಹಿಡಿದರು. ಅದು ಶುರುವಾಗುವ ಮೊದಲೇ ಮನೆಯಿಂದ ಹೊರಟುಬಿಟ್ಟರೆ ಲೆಕ್ಕಕ್ಕೆ ಬರುವುದಿಲ್ಲವಂತೆ. ಬೆಳಕು ಹರಿಯುವಾಗಲೇ ಅಜ್ಜಿ ಮೊಸರು ಸಕ್ಕರೆ ತಿನ್ನಿಸಿ ಹೊರಡಿಸಿದಳು. ತಾತ, ಭೀಮೇಶ, ನಾನು. ಸೆಂಟರಿನ ಬಾಗಿಲು ಇನ್ನೂ ತೆರೆದಿರಲಿಲ್ಲ, ವಾಚ್‌ಮ್ಯಾನ್ ಹಲ್ಲುಜ್ಜುತ್ತಿದ್ದ. ಒಳಗೆ ಹೋಗುವಾಗ ಜೇಬು ಹೊರಗೆಳೆದು ತೋರಿಸಬೇಕು, ಅಂಗೈ ಸ್ಕ್ಯಾನ್ ಮಾಡುತ್ತಾರೆ. ನನ್ನ ತೋಳಿನಲ್ಲಿ ಅಜ್ಜಿ ಕಟ್ಟಿದ ಕಪ್ಪು ದಾರ ನೋಡಿ ಅಲ್ಲಿನ ಮೇಡಂ, "ಇದರೊಳಗೇನಾದ್ರೂ ಬರೆದಿದೀರಾ?" ಅಂದರು. ಬರೆಯಲು ಜಾಗ ಎಲ್ಲಿದೆ ಮೇಡಂ ಅಂದೆ. ನಗಲಿಲ್ಲ.

ಪ್ರಶ್ನೆಗಳ ಬಗ್ಗೆ ಹೊರಗೆ ಹೇಳುವಂತಿಲ್ಲ, ಒಪ್ಪಿಕೊಂಡು ಒಳಗೆ ಹೋಗಿದ್ದೇನೆ. ಕೂತ ತಕ್ಷಣ ಎಲ್ಲವೂ ಶುರುವಾಯಿತು, ಕೈ, ಹೊಟ್ಟೆ, ಉಸಿರು. ಪರದೆಯ ಮೇಲಿನ ಅಕ್ಷರ ಓದಲಾಗಲಿಲ್ಲ. ಆಗ ಬೆನ್ನು ನೆಟ್ಟಗೆ ಮಾಡಿ ಕೂತೆ. ಮುದುಕಪ್ಪನನ್ನು ಎಬ್ಬಿಸಿ ಕೂರಿಸುವ ಹಾಗೆ ನನ್ನನ್ನು ನಾನೇ ಕೂರಿಸಿದೆ. ಉಸಿರು ಸ್ವಲ್ಪ ಕೆಳಗೆ ಇಳಿಯಿತು. ಆಮೇಲೆ ಮೊದಲನೇ ಪ್ರಶ್ನೆ ಓದಿದೆ. "ಡಾಕ್ಟರಿಗೆ ತಿಳಿಸಬೇಕು" ಅನ್ನುವುದನ್ನು ಕಂಡಾಗಲೆಲ್ಲ ನಿನ್ನ ಊರಿನಲ್ಲಿ ಟವರ್ ಇಲ್ಲ ಅಂದುಕೊಂಡೆ.

ಎಂಬತ್ತೈದನೇ ಪ್ರಶ್ನೆಗೆ ಕಂಪ್ಯೂಟರ್ ನಿಂತುಬಿಟ್ಟಿತು. ನಿನಗೆ ಗೊತ್ತಲ್ಲ, ನೂರೈವತ್ತರವರೆಗೂ ಹೋಗಬಹುದು. ಅಷ್ಟು ಬೇಗ ನಿಂತರೆ ತುಂಬಾ ಚೆನ್ನಾಗಿ ಮಾಡಿದ್ದೇನೆ ಅಂತ, ಇಲ್ಲವೇ ಇವಳಿಗೆ ಇನ್ನು ಕೇಳಿ ಉಪಯೋಗವಿಲ್ಲ ಅಂತ. ಯಾವುದು ಅಂತ ಅದು ಹೇಳುವುದಿಲ್ಲ. ಹೊರಗೆ ಬಂದಾಗ ತಾತ ಎದ್ದು ನಿಂತು, "ಆಯ್ತಾ? ಏನಂದ್ರು?" ಅಂದರು. ಏನೂ ಅನ್ನಲಿಲ್ಲ ತಾತ ಅಂದೆ.

ಎರಡು ಕೆಲಸದ ದಿನ ಕಳೆದಮೇಲೆ ಆ ವೆಬ್‌ಸೈಟಿನಲ್ಲಿ ನನ್ನ ಹೆಸರಿನ ಪುಟಕ್ಕೆ ಹೋದರೆ ಫಲಿತಾಂಶ ಕಾಣುತ್ತದೆ. ಕಾಗದದ ಹಿಂದೆ ವಿಳಾಸ, ನನ್ನ ಲಾಗಿನ್, ಪಾಸ್‌ವರ್ಡ್ ಬರೆದಿದ್ದೇನೆ. ನಾನು ನೋಡುವುದಿಲ್ಲ. ಲ್ಯಾಪ್‌ಟಾಪನ್ನು ಅಜ್ಜಿಯ ಬೀರುವಿನಲ್ಲಿ ಮೊಬೈಲಿನ ಪಕ್ಕ ಇಟ್ಟು ಬೀಗ ಹಾಕಿಸಿದೆ. ತಾತ ಬೆಳಗ್ಗೆಯಿಂದ ಕೇಳುತ್ತಿದ್ದಾರೆ, ಯಾವಾಗ ಗೊತ್ತಾಗುತ್ತೆ ಅಂತ. "ಪ್ರಕೃತಿ ಹೇಳಬೇಕು ತಾತ" ಅಂದೆ. ಇಷ್ಟು ವರ್ಷದಲ್ಲಿ ಅವರಿಗಿಂತ ಮೊದಲು ಬೇರೆಯವರಿಗೆ ಒಂದು ವಿಷಯ ತಿಳಿಯುವುದು ಈ ಮನೆಯಲ್ಲಿ ಇದೇ ಮೊದಲು.

ನೀನು ಒಂಬತ್ತನೆಯವಳಲ್ಲ. ನನಗಿಂತ ಮೊದಲನೆಯವಳು. ನೋಡಿ ಹೇಳು.

ಅರ್ಪಿ


ಸುರಪುರ
16 ಮಾರ್ಚ್ 2025

ಅರ್ಪಿ,

ನಿನ್ನ ಕಾಗದ ನಿನ್ನೆ ಬಂತು. ವಾರ್ಡಿನಲ್ಲಿದ್ದೆ. ಡ್ಯೂಟಿ ಮುಗಿಯುವವರೆಗೆ ಏಪ್ರನ್ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ಇಲ್ಲಿ ಈಗಲೇ ಬಿಸಿಲು ಬೆಂಕಿ, ಪಾಸ್‌ವರ್ಡಿನ ಒಂದು ಅಕ್ಷರ ಬೆವರಿಗೆ ಅಳಿಸಿಹೋಗಿತ್ತು. ಊಹಿಸಿ ಹಾಕಿದೆ. ನಿನ್ನ ಪಾಸ್‌ವರ್ಡ್ ಊಹಿಸಲು ಚೈತನ್ಯಳಿಗೆ ಆಗುತ್ತಿತ್ತಾ? ಕೇಳಿ ನೋಡು.

ಆಸ್ಪತ್ರೆಯ ಹಿಂದಿನ ಬೇವಿನ ಮರದ ಹತ್ತಿರ ಮಾತ್ರ ಇಂಟರ್ನೆಟ್ ಸಿಗುತ್ತದೆ. ಅಲ್ಲಿ ನಿಂತು ನೋಡಿದೆ.

ಕೆಳಗಿನ ಸಾಲಿಗೆ ಕಣ್ಣು ಹಾರಿಸಬೇಡ. ನಿಮ್ಮ ಪರೀಕ್ಷೆಯಲ್ಲಿ ಕ್ರಮವಾಗಿ ಜೋಡಿಸಿ ಅಂತ ಒಂದು ಬಗೆಯ ಪ್ರಶ್ನೆ ಇರುತ್ತದಂತಲ್ಲ, ನಾನು ಮಾಡಿದ್ದನ್ನು ಹಾಗೆ ಕ್ರಮವಾಗಿ ಹೇಳುತ್ತೇನೆ.

ಮೊದಲು ಹೊಟ್ಟೆ ಉರಿಯಿತು. ನಿನಗೆ ಸುಳ್ಳು ಬರೆಯುವುದಿಲ್ಲ. ಇವಳು ಹೋಗುತ್ತಾಳೆ, ನಾನು ಈ ಬೇವಿನ ಮರದ ಕೆಳಗೆ ನೆಟ್‌ವರ್ಕ್ ಹುಡುಕುತ್ತಾ ಇರುತ್ತೇನೆ ಅಂತ ಉರಿಯಿತು. ಮಾರ್ಚ್ ಹತ್ತಕ್ಕೆ ನಾನು ರಜ ಕೇಳಿದ್ದೆ, ಸೆಂಟರಿನ ಬಾಗಿಲಲ್ಲಿ ತಾತನ ಪಕ್ಕ ನಿಂತಿರೋಣ ಅಂತ. ಕೊಡಲಿಲ್ಲ. ನಿನಗೆ ಹೇಳಿರಲಿಲ್ಲ. ಅದಕ್ಕೂ ಸೇರಿಸಿ ಉರಿಯಿತು.

ಆಮೇಲೆ ಅತ್ತೆ. ಆಯಾ ನಾರಾಯಣಮ್ಮ ಬಂದು ಯಾರು ಹೋದರು ಅಂತ ಕೇಳುವಷ್ಟು ಅತ್ತೆ. ಯಾರೂ ಹೋಗಿಲ್ಲಮ್ಮ, ಹೋಗ್ತಾಳೆ ಅಂದೆ.

ಆಮೇಲೆ ನಿಮ್ಮ ತಾತನ ನಂಬರ್ ತೆಗೆದೆ. ಒತ್ತಲಿಲ್ಲ. ಒತ್ತಿದ್ದರೆ ಅವರು ಸ್ಪೀಕರಿಗೆ ಹಾಕುತ್ತಿದ್ದರು. ತಾತ ಕೇಳುತ್ತಿದ್ದರು, ಅಜ್ಜಿ ಕೇಳುತ್ತಿದ್ದಳು, ಭೀಮೇಶ ಸ್ಟೇಟಸ್ ಹಾಕುತ್ತಿದ್ದ, ನೀನು ಕೆಳಗಿನ ಮನೆಯಿಂದ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಒಂಬತ್ತನೆಯವಳಾಗಿರುತ್ತಿದ್ದೆ. ನಿನ್ನ ಪರೀಕ್ಷೆಯ ಸುದ್ದಿಗೆ ನೀನೇ ಒಂಬತ್ತನೆಯವಳು. ಅದು ಬೇಡ ಅಂತ ಕಾಗದ ಬರೆಯುತ್ತಿದ್ದೇನೆ. ಅದೊಂದೇ ಕಾರಣ ಅಂದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ಈ ಕಾಗದ ಚಿಕ್ಕಲಸಂದ್ರ ಮುಟ್ಟುವವರೆಗೆ ಈ ಸುದ್ದಿ ನನ್ನೊಬ್ಬಳದೇ. ವಾರ್ಡಿನಲ್ಲಿ ಮಾತ್ರೆ ಕೊಡುತ್ತಾ, ಬಿಪಿ ನೋಡುತ್ತಾ, ಒಳಗೆ ಇದನ್ನು ಇಟ್ಟುಕೊಂಡು ಓಡಾಡುತ್ತಿದ್ದೇನೆ. ಇನ್ನೂ ಸ್ವಲ್ಪ ದಿನ ಹೀಗೇ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ, ಆದರೆ ನೀನು ಗೇಟಿನಲ್ಲಿ ಕಾಯುತ್ತಿರುತ್ತೀಯ.

ಪಾಸಾಗಿದ್ದೀಯ ಕಣೇ.

ಈಗ ಮೇಲೆ ಹೋಗಿ ತಾತನಿಗೆ ಹೇಳು. ಅವರು ಮೂರನೆಯವರು ಅಂತ ಮಾತ್ರ ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾರೆ. ಅದು ಹೇಗಿರುತ್ತದೆ ಅಂತ ನನಗೆ ಗೊತ್ತು.

ಪ್ರಕ್ಕು